ಅಣ್ಣನ ಹೆಸರಿನಲ್ಲಿ ನಲವತ್ತೊಂದು ಕೊಂಡಿ

ಫೆಬ್ರವರಿ 4

ಪ್ರೀತಿಯ ಮೈದುನನಿಗೆ ಅತ್ತಿಗೆಯ ಆಶೀರ್ವಾದಗಳು.

ಫೋನ್ ಮಾಡಿದರೆ ನೀನು ಎರಡು ‘ಹೂಂ’, ಒಂದು ‘ಆಮೇಲೆ ಮಾತಾಡ್ತೀನಿ’ಯಲ್ಲಿ ಮುಗಿಸಿಬಿಡುತ್ತೀ. ಅದಕ್ಕೇ ಕಾಗದ ಹಿಡಿದೆ. ಕಾಗದಕ್ಕೆ ‘ಹೂಂ’ ಎಂದು ಉತ್ತರ ಕಳಿಸಿದರೆ ಅಂಚೆಯವನೂ ನಗುತ್ತಾನೆ.

ಮೂರು ವಾರದಿಂದ ‘ಮಗ್ಗುಲಿ’ಗೆ ಒಂದು ಪ್ರಶ್ನೆಯೂ ಬಂದಿಲ್ಲ. ನಿಮ್ಮಣ್ಣ ಆ ವೆಬ್‌ಸೈಟು ಶುರುಮಾಡಿದ ಮೇಲೆ ದಿನಕ್ಕೆ ಹತ್ತು ಹನ್ನೆರಡಕ್ಕೆ ಕಡಿಮೆ ಬಂದದ್ದು ನನಗೆ ನೆನಪಿಲ್ಲ. ಅಮ್ಮನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ, ಸೊಂಟದ ಹತ್ತಿರ ಕೆಂಪಗಾಗಿದೆ, ಏನು ಮಾಡಲಿ? ಯಜಮಾನರ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದೆ, ಒಡೆಯಬಹುದೇ? ಇಂಥವು. ಅವರು ಹೋದ ಮೇಲೂ ನಾನು ಹೊಲಿಗೆ ಮುಗಿಸಿ ಕೂತು, ಅವರ ನೋಟ್‌ಬುಕ್ಕುಗಳನ್ನು ತಿರುವಿಹಾಕಿ ಒಂದೊಂದಕ್ಕೂ ಉತ್ತರ ಬರೆಯುತ್ತ ಬಂದಿದ್ದೇನೆ. ಈಗ ಮೊಬೈಲು ಮೌನ ಹಿಡಿದಿದೆ. ಲೋಕದಲ್ಲಿ ಹಾಸಿಗೆ ಹಿಡಿದವರೆಲ್ಲ ಒಟ್ಟಿಗೆ ಎದ್ದು ಓಡಾಡತೊಡಗಿದರೋ ಏನೋ. ಹಾಗಿದ್ದರೆ ಸಂತೋಷವೇ. ಆದರೆ ನಂಬಿಕೆ ಬರುತ್ತಿಲ್ಲ.

ಸೈಟಿನ ಕೀಲಿಕೈ ನಿನ್ನ ಹತ್ತಿರ ಇದೆ. ಒಮ್ಮೆ ನೋಡು. ಆ ಪುಟಗಳನ್ನು ನಾನೇ ತೆರೆದು ನೋಡಬಹುದಿತ್ತು. ಎರಡು ಸಾಲು ಓದುವಷ್ಟರಲ್ಲಿ ಅವರ ದನಿ ಕಿವಿಗೆ ಬಿದ್ದ ಹಾಗಾಗುತ್ತದೆ, ಮುಚ್ಚಿಬಿಡುತ್ತೇನೆ. ಎರಡು ವರ್ಷ ಮೂರು ತಿಂಗಳಾಯಿತು, ಇನ್ನೂ ನನ್ನಿಂದಾಗುತ್ತಿಲ್ಲ.

ಇಲ್ಲಿ ಈಗಲೂ ನಮ್ಮದು ‘ಪಟ್ಟಿ ಮೇಷ್ಟ್ರ ಮನೆ’ಯೇ. ಮೊನ್ನೆ ಹೊಸ ಕೊರಿಯರಿನವನು, ಮೇಷ್ಟ್ರು ಯಾವ ಶಾಲೆಯಲ್ಲಿದ್ದರು ಎಂದು ಕೇಳಿದ. ಶಾಲೆಯಲ್ಲಲ್ಲಪ್ಪ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು, ಡ್ಯೂಟಿ ಮುಗಿಸಿ ಮನೆಮನೆಗೆ ಹೋಗಿ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದರು, ಕಟ್ಟುವುದನ್ನು ಮನೆಯವರಿಗೂ ಕಲಿಸುತ್ತಿದ್ದರು ಎಂದೆ. ಅವನು ಚಪ್ಪಲಿ ಬಿಚ್ಚಿಟ್ಟು ಮತ್ತೆ ಒಳಗೆ ಬಂದು ಅವರ ಫೋಟೋ ನೋಡಿ ಹೋದ.

ನಿನ್ನ ಹೆಂಡತಿಗೂ ಮಗಳಿಗೂ ನಾನು ಕೇಳಿದೆನೆಂದು ಹೇಳು.

ನಿನ್ನ ಅತ್ತಿಗೆ


ಫೆಬ್ರವರಿ 11

ಪೂಜ್ಯ ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಗಾಬರಿಯಾಗುವಂಥದ್ದು ಏನೂ ಇಲ್ಲ. ಈ ಸರ್ಚ್‌ನವರ ಲೀಲೆ ಅವರಿಗೇ ಗೊತ್ತು. ಇವತ್ತು ಹೆಗಲ ಮೇಲೆ ಕೂರಿಸಿಕೊಂಡವರನ್ನು ನಾಳೆ ಕೆಳಗಿಳಿಸುತ್ತಾರೆ. ಗಾಳಿಪಟ ನಮ್ಮದು, ದಾರ ಅವರ ಕೈಯಲ್ಲಿ. ನಾನು ಸೈಟು ಮಾಡಿಕೊಟ್ಟಿರುವ ಬೀಗದ ಅಂಗಡಿ, ಕನ್ನಡಕದ ಅಂಗಡಿಯವರೂ ಇದನ್ನೇ ಹೇಳಿ ಪ್ರಾಣ ತಿನ್ನುತ್ತಾರೆ. ಒಂದೆರಡು ತಿಂಗಳು ತಾಳಿ, ತಾನಾಗಿ ಸರಿಹೋಗುತ್ತದೆ.

ನೀವೂ ಸ್ವಲ್ಪ ವಿಶ್ರಾಂತಿ ತಗೊಳ್ಳಿ. ಹಗಲೆಲ್ಲ ಹೊಲಿಗೆ, ಸಂಜೆಯೆಲ್ಲ ಊರಿನವರ ಹುಣ್ಣು. ಹೀಗೆ ಎಷ್ಟು ದಿನ? ಪುಟಗಳನ್ನು ತೆರೆದು ಮನಸ್ಸು ಕೆಡಿಸಿಕೊಳ್ಳಬೇಡಿ. ಅದನ್ನೆಲ್ಲ ನೋಡಿಕೊಳ್ಳುವುದಕ್ಕೆ ನಾನಿದ್ದೇನಲ್ಲ.

ಮಗಳು ಚೆನ್ನಾಗಿದ್ದಾಳೆ. ನೀವು ಹೊಲಿದ ಅಂಗಿ ಗಿಡ್ಡವಾಗಿದೆ, ಆದರೂ ಬಿಡುತ್ತಿಲ್ಲ.

ನಿಮ್ಮ ಮೈದುನ


ಮಾರ್ಚ್ 2

ಮೈದುನನಿಗೆ ಆಶೀರ್ವಾದಗಳು.

ನೀನು ತಾಳಿ ಎಂದೆ. ತಾಳಿದವಳೇ. ಆದರೆ ಕೆಳಗಿನ ಪ್ರಿಂಟಿಂಗ್ ಅಂಗಡಿಯಾಕೆಗೆ ತಾಳ್ಮೆ ಕಡಿಮೆ. ‘ಬನ್ನಿ ನೋಡೇಬಿಡೋಣ’ ಎಂದು ತನ್ನ ಕಂಪ್ಯೂಟರಿನ ಮುಂದೆ ಕೂರಿಸಿದಳು. ಹಾಸಿಗೆ ಹುಣ್ಣು ಎಂದು ಬರೆದು ಹುಡುಕಿದೆವು. ಮೊದಲೆಲ್ಲ ಒಂದನೆಯದಾಗಿ ಬರುತ್ತಿದ್ದದ್ದು ಹತ್ತು ಪುಟ ದಾಟಿದರೂ ಇಲ್ಲ. ‘ಮಗ್ಗುಲು’ ಎಂದು ಬರೆದೆವು, ಇಲ್ಲ. ಕಡೆಗೆ ಅವರ ಪೂರ್ತಿ ಹೆಸರು ಬರೆದೆವು. ಅದೇ ಹೆಸರಿನ ಒಬ್ಬ ವಕೀಲರು, ಒಬ್ಬ ಕುಸ್ತಿಪಟು ಸಿಕ್ಕರು. ಅವರು ಇಲ್ಲ. ಮನುಷ್ಯ ಎರಡನೆಯ ಸಲ ತೀರಿಕೊಂಡ ಹಾಗಾಯಿತು.

ಅಂಗಡಿಯಾಕೆ ಹೇಳಿದಳು: ಒಂದು ಸೈಟು ಇನ್ನೊಂದಕ್ಕೆ ಕೊಂಡಿ, ಅಂದರೆ ಒತ್ತಿದರೆ ಅಲ್ಲಿಗೇ ಹೋಗುವ ಲಿಂಕು, ಕೊಟ್ಟರೆ, ಅದು ಒಳ್ಳೆಯದೆಂದು ಸಾಕ್ಷಿ ಹೇಳಿದ ಹಾಗಂತೆ. ಆ ಸಾಕ್ಷಿ ಎಣಿಸಿಯೇ ಸರ್ಚ್‌ನವರು ಯಾರನ್ನು ಮೇಲಿಡಬೇಕೆಂದು ತೀರ್ಮಾನಿಸುವುದಂತೆ. ದುಡ್ಡು ತಗೊಂಡು ಕೊಂಡಿ ಮಾರಿದರೆ ಸುಳ್ಳುಸಾಕ್ಷಿ. ಸಿಕ್ಕಿಬಿದ್ದರೆ ಸೈಟನ್ನೇ ಕಣ್ಮರೆ ಮಾಡುತ್ತಾರಂತೆ. ‘ನಿಮ್ಮದಕ್ಕೆ ಅದೇ ಶಿಕ್ಷೆ ಬಿದ್ದಿರೋ ಹಾಗಿದೆ’ ಎಂದಳು. ನಾನು ನಕ್ಕೆ. ಗೋಡೆಗೆ ಕ್ಯಾಲೆಂಡರು ಬಿಟ್ಟಿ ಬಂದರೂ ಔಷಧಿ ಕಂಪನಿಯ ಹೆಸರನ್ನು ಕತ್ತರಿಸಿ ತೂಗುಹಾಕುತ್ತಿದ್ದ ಮನುಷ್ಯ ಅವರು.

ನಗು ಒಂದು ವಾರ ಉಳಿಯಿತು. ನಿನ್ನೆ ಅಂಚೆಯಲ್ಲಿ ಒಂದು ಕಾಗದ ಬಂತು. ಬರೆದವಳು ಬಸ್ ಕಂಡಕ್ಟರ್. ಅವಳ ಅಪ್ಪ ಒಂದು ವರ್ಷದಿಂದ ಹಾಸಿಗೆಯಲ್ಲಿದ್ದಾರೆ. ನಿಮ್ಮಣ್ಣನ ಲೇಖನವನ್ನು ಹಿಂದೆಯೇ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿಕೊಂಡು, ಅದರಲ್ಲಿರುವಂತೆಯೇ ನೋಡಿಕೊಂಡಿದ್ದಾಳೆ. ಸೊಂಟದ ಹುಣ್ಣು ಬಾಯಿಬಿಟ್ಟಾಗ ಅದರಲ್ಲಿ ಹೇಳಿದ ಎಣ್ಣೆಯನ್ನು ತರಿಸಿ ಹಚ್ಚಿದ್ದಾಳೆ. ಎಂಟು ದಿನಕ್ಕೆ ಹುಣ್ಣು ಕಪ್ಪಾಗಿ ಒಳಗೇ ಕೊಳೆತಿದೆ. ಈಗ ಆಸ್ಪತ್ರೆಯಲ್ಲಿದ್ದಾರೆ. ಆ ಪುಟವನ್ನು ಗೋಡೆಯಿಂದ ಕಿತ್ತು ಕಾಗದದ ಜೊತೆ ಇಟ್ಟು ಕಳಿಸಿದ್ದಾಳೆ. ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದಾಳೆ:

‘ಹುಣ್ಣು ಬಾಯಿಬಿಟ್ಟಿದ್ದರೆ ಈ ಎಣ್ಣೆಯನ್ನು ಹಚ್ಚಿ ಕಟ್ಟಿ. ಮೂರೇ ದಿನದಲ್ಲಿ ಒಣಗುವುದು ಗ್ಯಾರಂಟಿ.’

ನೋಟ್‌ಬುಕ್ಕುಗಳನ್ನೆಲ್ಲ ಹುಡುಕಿದೆ. ಎಲ್ಲೂ ಎಣ್ಣೆಯ ಮಾತಿಲ್ಲ. ಆದರೆ ಕಡೆಯ ವರ್ಷದ ಪುಟಗಳಲ್ಲಿ ಕೈ ನಡುಗಿ ಅಕ್ಷರವೇ ಕೂಡಿಲ್ಲ. ಆಗ ಅವರು ಏನು ಬರೆದರು, ಏನು ಬಿಟ್ಟರು ಎಂದು ನಾನು ನೋಡುತ್ತಿರಲಿಲ್ಲ. ಡಯಾಲಿಸಿಸ್‌ಗೆ ಕರೆದೊಯ್ಯುವುದು, ತರುವುದು, ಅಷ್ಟೇ ಆಗಿತ್ತು.

ನಿನಗೆ ಗೊತ್ತಿದ್ದರೆ ಹೇಳು. ಈ ಸಾಲು ಅವರು ಬರೆದದ್ದೇ?

ಅತ್ತಿಗೆ


ಮಾರ್ಚ್ 21

ಅತ್ತಿಗೆಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಕ್ಷಮಿಸಿ. ಏನು ಬರೆಯಬೇಕೋ ತೋಚದೆ ಕಾಗದವನ್ನು ಎರಡು ಸಲ ಹರಿದೆ.

ಆ ಸಾಲನ್ನೂ ಅದರಲ್ಲಿ ಎಣ್ಣೆಯವರ ಸೈಟಿಗೆ ಇದ್ದ ಕೊಂಡಿಯನ್ನೂ ತೆಗೆದುಹಾಕಿದ್ದೇನೆ. ಅಂಥವು ಇನ್ನೂ ಇದ್ದವು. ಒಟ್ಟು ನಲವತ್ತೊಂದು. ಕೆಲವು ಊರುಗೋಲಿನ ಅಂಗಡಿಯವು, ಕೆಲವು ತೂಕ ಇಳಿಸುವ ಪುಡಿಯವು, ಎರಡು ಜೂಜಿನವೂ ಇದ್ದವು. ಅಂಗಡಿಯಾಕೆ ಹೇಳಿದ್ದು ನಿಜ. ಸೈಟಿಗೆ ಬಿದ್ದದ್ದು ಅದೇ ಶಿಕ್ಷೆ.

ಹೋದವರ ಮೇಲೆ ಮಾತಾಡಬಾರದು ಅತ್ತಿಗೆ. ಆದರೂ ನೀವು ಕೇಳಿದ್ದೀರಿ. ಕಡೆಯ ವರ್ಷ ಅಣ್ಣನ ಔಷಧಿ, ಡಯಾಲಿಸಿಸ್ ಎಲ್ಲ ಹೇಗೆ ನಡೆಯಿತು ಎಂದು ನೀವು ಯಾವತ್ತಾದರೂ ಯೋಚಿಸಿದಿರಾ? ಆಸ್ಪತ್ರೆಯ ಸಂಬಳ ನಿಂತಿತ್ತು. ನಿಮ್ಮ ಹೊಲಿಗೆಯಿಂದ ಆಗುವಂಥದ್ದಲ್ಲ ಅದು. ಅಣ್ಣ ನನ್ನ ಹತ್ತಿರ ಕೆಲವು ಮಾತು ಹೇಳಿಕೊಂಡಿದ್ದ, ಅತ್ತಿಗೆಗೆ ಹೇಳಬೇಡ ಎಂದಿದ್ದ. ಇದಕ್ಕಿಂತ ಹೆಚ್ಚು ನನ್ನ ಬಾಯಿಂದ ಬರಿಸಬೇಡಿ.

ಅವನು ಬದುಕುವ ಆಸೆಗೆ ಮಾಡಿದ್ದು. ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಸರ್ಚ್ ಕಂಪನಿಗೆ ಅರ್ಜಿ ಹಾಕಿ ನಾನು ಸರಿಮಾಡಿಸುತ್ತೇನೆ.

ನಿಮ್ಮ ಮೈದುನ


ಮಾರ್ಚ್ 29

ಮೈದುನನಿಗೆ,

ಹೇಳಿದ್ದು ಒಳ್ಳೆಯದಾಯಿತು. ಎರಡು ವರ್ಷ ನೀನೊಬ್ಬನೇ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆಯಲ್ಲ, ಅದಕ್ಕೆ ಬೇಜಾರಾಯಿತು.

ಮೊನ್ನೆ ಆ ಕಂಡಕ್ಟರನ್ನು ನೋಡಲು ಹೋಗಿದ್ದೆ. ಎರಡು ಬಸ್ಸು ಬದಲಿಸಿ ಆಸ್ಪತ್ರೆ ಸೇರುವಷ್ಟರಲ್ಲಿ ಮಧ್ಯಾಹ್ನ. ಗಂಡಸರ ವಾರ್ಡು, ಕಿಟಕಿಯ ಪಕ್ಕದ ಹಾಸಿಗೆ. ಅಪ್ಪನಿಗೆ ಮಾತಿಲ್ಲ, ಕಣ್ಣಿದೆ. ಅವಳು ಡ್ಯೂಟಿಯಿಂದ ನೇರ ಬಂದಿದ್ದಳು. ಟಿಕೆಟ್ ಮೆಷಿನ್ ಇನ್ನೂ ಹೆಗಲಿನಲ್ಲೇ ಇತ್ತು. ನಾನು ಯಾರೆಂದು ಹೇಳಿದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ವಾಸಿಯಿತ್ತು. ಅಪ್ಪನನ್ನು ತಿರುಗಿಸುವ ಹೊತ್ತಾಗಿದೆ, ಆ ಕಡೆ ಹಿಡಿದುಕೊಳ್ಳಿ ಎಂದಳು. ಇಬ್ಬರೂ ಸೇರಿ ತಿರುಗಿಸಿದೆವು. ಮೊಣಕಾಲಿನ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಕದ ಹಾಗೆ ಸುತ್ತಿದ ಟವೆಲು, ಎಲ್ಲವೂ ನಿಮ್ಮಣ್ಣ ಬರೆದ ಹಾಗೆಯೇ. ಪಟ್ಟಿಯ ಕೆಳಗೆ ಮುಷ್ಟಿ ಹಿಡಿಯುವಷ್ಟು ಗುಂಡಿ.

ಆಮೇಲೆ ಕೈ ತೊಳೆದುಕೊಂಡು ಬಂದು ಹೇಳಿದಳು: ‘ಎರಡು ಗಂಟೆಗೊಂದು ಸಲ ತಿರುಗಿಸಿ ಅಂದ್ರು, ರಜೆ ಹಾಕಿ ತಿರುಗಿಸ್ದೆ. ದಿಂಬು ಇಡಿ ಅಂದ್ರು, ಇಟ್ಟೆ. ಎಣ್ಣೆ ಹಚ್ಚಿ ಅಂದ್ರು, ಹಚ್ಚಿದೆ. ಅಷ್ಟೆಲ್ಲ ಸರಿಯಾಗಿ ಹೇಳ್ದೋರು ಇದೊಂದನ್ನ ತಪ್ಪು ಹೇಳ್ತಾರೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕಿತ್ತು, ನೀವೇ ಹೇಳಿ.’

ನನ್ನ ಗಂಡ ಕಾಯಿಲೆ ಬಿದ್ದಿದ್ದರು, ದುಡ್ಡಿಗಾಗಿ ಆ ಸಾಲು ಬರೆದರು, ಅವರ ಪರವಾಗಿ ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. ವಾರ್ಡಿನಲ್ಲಿ ನಾಲ್ಕು ಜನರ ಎದುರಿಗೆ ಹೇಳಿದೆ. ಅವಳು ಅಪ್ಪನ ಹೊದಿಕೆಯನ್ನು ಸರಿಮಾಡಿದಳು.

ಮನೆಗೆ ಬಂದು ಅವರ ಫೋಟೋವನ್ನು ಗೋಡೆಯಿಂದ ಇಳಿಸಿ ಬಟ್ಟೆ ಚೂರುಗಳ ಪೆಟ್ಟಿಗೆಯಲ್ಲಿ ಹಾಕಿದೆ. ಮೂವತ್ತೊಂದು ವರ್ಷ ಒಂದೇ ಸೂರಿನ ಕೆಳಗಿದ್ದೆವು. ಒಂದು ಮಾತು ನನಗೆ ಹೇಳಿದ್ದರೆ ಹೊಲಿಗೆ ಮಷಿನ್ನನ್ನೇ ಮಾರುತ್ತಿದ್ದೆ. ಬೇರೆಯವರ ಹುಣ್ಣಿನ ಮೇಲೆ ಬದುಕಬೇಕಿತ್ತೇ ಈ ಮನುಷ್ಯ? ಪ್ರಶ್ನೆ ಕೇಳೋಣವೆಂದರೆ ಗೋಡೆಯ ಮೇಲೆ ಚೌಕದ ಗುರುತು ಮಾತ್ರ ಇದೆ.

ಅರ್ಜಿ ಹಾಕು. ಸೈಟು ವಾಪಸು ಬರಲಿ. ಅವರಿಗಾಗಿ ಅಲ್ಲ, ಮಗ್ಗುಲು ಬದಲಿಸುವುದು ಗೊತ್ತಿಲ್ಲದವರಿಗಾಗಿ.

ಅತ್ತಿಗೆ


ಏಪ್ರಿಲ್ 8

ಅತ್ತಿಗೆಗೆ ನಮಸ್ಕಾರಗಳು.

ಫೋಟೋ ಇಳಿಸಿದ್ದನ್ನು ಓದಿ ಅನ್ನ ಸೇರಲಿಲ್ಲ. ದಯವಿಟ್ಟು ಮತ್ತೆ ಹಾಕಿ. ಅಣ್ಣ ಅಂಥವನಲ್ಲ. ಕಷ್ಟ ಹಾಗೆ ಮಾಡಿಸಿತು ಅಷ್ಟೇ.

ಮೊದಲ ಅರ್ಜಿಯನ್ನು ವಾಪಸು ಕಳಿಸಿದ್ದಾರೆ, ಎರಡೇ ಸಾಲು. ಆ ನಲವತ್ತೊಂದರಲ್ಲೇ ಕೆಲವು ಹಳೆಯ ಪುಟಗಳಲ್ಲಿ ಇನ್ನೂ ಉಳಿದಿವೆಯಂತೆ. ಹುಡುಕಿ ತೆಗೆದೆ. ಎರಡನೆಯ ಅರ್ಜಿಗೆ ಅಣ್ಣನ ಮರಣ ಪ್ರಮಾಣಪತ್ರದ ಒಂದು ಪ್ರತಿ ಇದ್ದರೆ ಅನುಕೂಲ. ಹಿಂದೆ ನಡೆಸುತ್ತಿದ್ದವರು ಈಗಿಲ್ಲ ಎಂದು ತೋರಿಸಿದರೆ ಬೇಗ ಒಪ್ಪಬಹುದು.

ನಿಮ್ಮ ಮೈದುನ


ಏಪ್ರಿಲ್ 13

ಮೈದುನನಿಗೆ,

ಪ್ರತಿ ಇಟ್ಟಿದ್ದೇನೆ. ಫೋಟೋದ ಮಾತು ಬೇಡ.

ಅತ್ತಿಗೆ


ಮೇ 6

ಅತ್ತಿಗೆಗೆ ನಮಸ್ಕಾರಗಳು.

ಸಿಹಿ ಸುದ್ದಿ. ಶಿಕ್ಷೆ ತೆಗೆದಿದ್ದಾರೆ. ನಿನ್ನೆಯಿಂದ ‘ಮಗ್ಗುಲು’ ಮತ್ತೆ ಕಾಣುತ್ತಿದೆ. ಸದ್ಯಕ್ಕೆ ಐದನೆಯದೋ ಆರನೆಯದೋ ಆಗಿ. ಮೇಲೆ ಬರುತ್ತದೆ. ಒಂದೇ ದಿನದಲ್ಲಿ ಮುನ್ನೂರು ಜನ ಓದಿದ್ದಾರೆ. ನಿಮ್ಮ ಮೊಬೈಲು ಮೌನ ಮುರಿದಿರಬೇಕಲ್ಲ?

ಇನ್ನಾದರೂ ಈ ವಿಷಯ ಮುಗಿಯಿತು ಎಂದುಕೊಳ್ಳೋಣ. ರಜೆಗೆ ಮಗಳನ್ನು ಕರೆದುಕೊಂಡು ಬರುತ್ತೇವೆ. ಒಂದು ಸಾಲು ಬರೆಯಿರಿ.

ನಿಮ್ಮ ಮೈದುನ


ಮೇ 27

ಅತ್ತಿಗೆ,

ಉತ್ತರ ಬರಲಿಲ್ಲ. ಫೋನೂ ಎತ್ತುತ್ತಿಲ್ಲ. ಹುಷಾರಾಗಿದ್ದೀರಿ ತಾನೆ? ರಜೆಗೆ ಬರುವುದಾ ಬೇಡವಾ ಎಂದು ಇವಳು ಕೇಳುತ್ತಿದ್ದಾಳೆ.

ನಿಮ್ಮ ಮೈದುನ


ಜೂನ್ 17

ಮೈದುನನಿಗೆ,

ಹುಷಾರಾಗಿದ್ದೇನೆ. ಬರಬೇಡಿ.

ಸೈಟು ವಾಪಸು ಬಂದ ಮೇಲೆ ಮೊದಲ ಸಲ ಆ ಪುಟಗಳನ್ನು ಕೂತು ಓದಬೇಕೆನಿಸಿತು. ಗಂಡನ ಮೇಲೆ ಸಿಟ್ಟು ಬಂದಿತ್ತಲ್ಲ, ಆ ಸಿಟ್ಟಿಗೆ ದನಿಯ ಭಯ ಹೋಗಿತ್ತು. ಎರಡು ವಾರ ಓದಿದೆ. ಯಾವ ಲೇಖನದಲ್ಲೂ ‘ಗ್ಯಾರಂಟಿ’ ಎಂಬ ಮಾತಿಲ್ಲ. ‘ಆಗಬಹುದು’, ‘ನೋಡೋಣ’, ‘ಡಾಕ್ಟರನ್ನು ಕೇಳಿ’. ಜಾಸ್ತಿ ಅಂದರೆ ‘ಸಾಮಾನ್ಯವಾಗಿ’. ಬದುಕಿದ್ದಾಗಲೂ ಹಾಗೇ. ನಾಳೆ ಬೆಳಗಾಗುತ್ತದಾ ಎಂದರೂ ಸಾಮಾನ್ಯವಾಗಿ ಆಗುತ್ತದೆ ಎನ್ನುವವರು. ಆ ಒಂದು ಸಾಲು ಮಾತ್ರ ಬೇರೆಯವರ ಬಾಯಿಯದು ಎಂದು ಅನ್ನಿಸತೊಡಗಿತು.

ಅವರ ಹಳೆಯ ಮೇಲ್‌ನ ಪಾಸ್‌ವರ್ಡ್ ಒಂದು ನೋಟ್‌ಬುಕ್ಕಿನ ರಟ್ಟಿನ ಒಳಬದಿಯಲ್ಲಿ ಇತ್ತು. ಪ್ರಿಂಟಿಂಗ್ ಅಂಗಡಿಯಾಕೆ ತೆರೆದುಕೊಟ್ಟಳು. ಎಣ್ಣೆಯವರ ಪತ್ರಗಳು ಅಲ್ಲೇ ಇದ್ದವು. ಮೊದಲನೆಯದು ಹೋದ ವರ್ಷದ ಏಪ್ರಿಲ್‌ನದು. ನಿಮ್ಮಣ್ಣ ತೀರಿಕೊಂಡು ಆಗ ಒಂದೂವರೆ ವರ್ಷ ಹತ್ತಿರವಾಗಿತ್ತು. ಲೇಖನದ ನಡುವೆ ನಾವು ಕಳಿಸಿರುವ ಸಾಲು ಹಾಕಿಕೊಡಿ, ಅದು ನರ್ಸ್ ಬರೆದ ಹಾಗೆಯೇ ಇರಬೇಕು, ಜಾಹೀರಾತಿನಂತೆ ಕಾಣಬಾರದು ಎಂದು ಅವರು ಕೇಳಿದ್ದಾರೆ. ಹಾಕಿದ್ದೇನೆ ಎಂದು ಉತ್ತರ ಹೋಗಿದೆ. ಕೆಳಗೆ ಸಹಿ ನಿಮ್ಮಣ್ಣನದು. ಇಪ್ಪತ್ತಾರು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಸೇವೆ ಎಂದೂ ಸೇರಿಸಿದೆ.

ಅಂಗಡಿಯಾಕೆ ಓದುವುದನ್ನು ನಿಲ್ಲಿಸಿ ಎದ್ದು ಹೋಗಿ ಜೆರಾಕ್ಸ್ ಮಷಿನ್ ಹತ್ತಿರ ನಿಂತಳು. ಉಳಿದದ್ದನ್ನು ನಾನೇ ಓದಿದೆ. ನಲವತ್ತೊಂದಕ್ಕೂ ಹೀಗೆಯೇ. ಹೋದವರು ನಲವತ್ತೊಂದು ಸಲ ಎದ್ದು ಬಂದು ರುಜು ಹಾಕಿದ್ದಾರೆ.

ಸರ್ಚ್‌ನವರ ನೋಟೀಸೂ ಅಲ್ಲಿತ್ತು. ಜನವರಿ 14. ನಾನು ನಿನಗೆ ಮೊದಲ ಕಾಗದ ಬರೆಯುವ ಮೂರು ವಾರ ಮುಂಚಿನದು. ಯಾರೋ ಆಗಲೇ ತೆರೆದು ಓದಿದ್ದರು. ನೀನು ಬರೆದ ಅರ್ಜಿಯ ಕರಡೂ ಇತ್ತು. ‘ಈ ಕೊಂಡಿಗಳನ್ನು ಮಾರಿದವರು ಸೈಟಿನ ಹಿಂದಿನ ಮಾಲೀಕರು. ಅವರು ಈಗ ಬದುಕಿಲ್ಲ.’ ಅದಕ್ಕೆ ಆಧಾರ ನಾನು ಮಡಿಸಿ ಲಕೋಟೆಯಲ್ಲಿಟ್ಟು ಕಳಿಸಿದ ಪ್ರತಿ.

ಮತ್ತೆ ಎರಡು ಬಸ್ಸು ಹಿಡಿದು ಹೋದೆ. ಹಾಸಿಗೆಯ ಮೇಲೆ ಬೇರೆಯವರಿದ್ದರು. ಕಂಡಕ್ಟರನ್ನು ಡಿಪೋದಲ್ಲಿ ಹುಡುಕಿದೆ. ಅಪ್ಪ ಏಪ್ರಿಲ್ ಕಡೆಯ ವಾರ ಹೋದರಂತೆ. ನಂಜು ರಕ್ತಕ್ಕೆ ಏರಿತ್ತಂತೆ. ಬರೆದದ್ದು ನನ್ನ ಗಂಡ ಅಲ್ಲ, ನನ್ನ ಮೈದುನ, ಅವರು ಸತ್ತ ಮೇಲೆ ಅವರ ಹೆಸರಿನಲ್ಲಿ ಎಂದೆ. ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದಳು. ‘ಯಾರು ಬರೆದ್ರೇನಮ್ಮ, ನಾನು ನಂಬಿದ್ದು ಆ ಹೆಸರನ್ನ. ಆವತ್ತೂ ನೀವು ಹೇಳಿದ್ದನ್ನ ನಂಬ್ದೆ, ಇವತ್ತೂ ನಂಬ್ತೀನಿ. ಇನ್ನೊಂದ್ ಸಲ ಬಂದು ಬೇರೆಯವರ ಹೆಸರು ಹೇಳ್ಬೇಡಿ ಅಷ್ಟೇ.’ ಸೀಟಿ ಊದಿದಳು. ಬಸ್ಸು ಹೋಯಿತು.

ನಾನು ಮದುವೆಯಾಗಿ ಬಂದಾಗ ನಿನಗೆ ಒಂಬತ್ತು ವರ್ಷ. ನಿನ್ನ ಸುಳ್ಳುಗಳೆಲ್ಲ ನನಗೆ ಮುಖ ನೋಡಿದರೆ ಗೊತ್ತಾಗುತ್ತಿದ್ದವು. ಕಾಗದದಲ್ಲಿ ಮುಖ ಇರುವುದಿಲ್ಲ. ಕಾಗದ ಹಿಡಿದವಳು ನಾನೇ, ಅದು ನನ್ನ ತಪ್ಪು.

ದುಡ್ಡಿಗೆ ಮಾರಿದ್ದು ನನಗೆ ಅರ್ಥವಾಗುತ್ತದೆ. ನಾನು ಕೇಳಿದಾಗ ಅವರ ತಲೆಗೆ ಕಟ್ಟಿದ್ದು ಏಕೆ, ಅದನ್ನು ಬರೆ.


ಜುಲೈ 1

ಅತ್ತಿಗೆ,

ಕ್ಷಮಿಸಿ ಎನ್ನುವ ಯೋಗ್ಯತೆಯೂ ನನಗಿಲ್ಲ. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಶುರುವಾದದ್ದು ಊರುಗೋಲಿನ ಅಂಗಡಿಯಿಂದ. ಒಳ್ಳೆಯ ಸಾಮಾನೇ, ಜನರಿಗೂ ಬೇಕಾದದ್ದೇ, ಏನು ತಪ್ಪು ಎಂದುಕೊಂಡೆ. ಅಣ್ಣ ಇದ್ದಾಗ ಒಮ್ಮೆ ಕೇಳಿದ್ದೆ, ಬೇಡ ಎಂದಿದ್ದ. ಸೈಟು ನಡೆಯುವುದಕ್ಕೆ ಪ್ರತಿ ತಿಂಗಳು ಬಾಡಿಗೆ ಕಟ್ಟಬೇಕು ಎಂಬುದು ಅವನಿಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿಲ್ಲ. ಅದು ಗಾಳಿಯಲ್ಲಿ ತೇಲುತ್ತದೆ ಎಂದು ಇಬ್ಬರೂ ತಿಳಿದಿದ್ದಿರಿ. ಹನ್ನೊಂದು ವರ್ಷ ಕಟ್ಟಿದವನು ನಾನು. ಒಂದಕ್ಕೆ ಒಪ್ಪಿದ ಮೇಲೆ ಎರಡನೆಯದಕ್ಕೆ ಬೇಡ ಎನ್ನಲು ಬಾಯಿ ಬರಲಿಲ್ಲ. ಹದಿನೈದನೆಯದರ ಹೊತ್ತಿಗೆ ಅದು ಏನು ಎಂದು ಓದುವುದನ್ನೂ ಬಿಟ್ಟೆ. ಎಣ್ಣೆಯ ಸಾಲನ್ನು ಅವರೇ ಬರೆದು ಕಳಿಸಿದ್ದು. ನಾನು ತೆಗೆದು ಅಂಟಿಸಿದೆ. ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ ಕಾಲದಲ್ಲೂ ಹಾಗೇ. ಗಿರಾಕಿ ಕೊಟ್ಟದ್ದನ್ನು ಅಂದವಾಗಿ ಬರೆಯುವುದು ನನ್ನ ಕೆಲಸ, ಒಳಗೆ ಏನು ಮಾರುತ್ತಾರೆ ಎಂದು ನೋಡುವುದಲ್ಲ.

ಅಣ್ಣನ ತಲೆಗೆ ಏಕೆ ಕಟ್ಟಿದೆ ಎಂದಿರಿ. ನೀವು ‘ಇದು ಅವರು ಬರೆದದ್ದೇ?’ ಎಂದು ಕೇಳಿದಿರಿ. ‘ನೀನು ಬರೆದದ್ದೇ?’ ಎಂದು ಕೇಳಲಿಲ್ಲ. ಬಾಗಿಲು ತೆರೆದೇ ಇತ್ತು, ನಾನು ನುಗ್ಗಿದೆ. ಸತ್ತವನಿಗೆ ನೋವಾಗುವುದಿಲ್ಲ, ನೀವು ಅವನನ್ನು ಹೇಗೂ ಕ್ಷಮಿಸುತ್ತೀರಿ, ನನ್ನನ್ನು ಕ್ಷಮಿಸುವುದಿಲ್ಲ ಎಂದು ಲೆಕ್ಕ ಹಾಕಿದೆ.

ಇನ್ನೊಂದು ಮಾತು. ಹೇಳಬಾರದು ಎಂದಿದ್ದೆ. ಅವನ ಕಡೆಯ ವರ್ಷದ ಔಷಧಿ ನಡೆದದ್ದು ನನ್ನ ಬೋರ್ಡ್ ಅಂಗಡಿ ಮಾರಿದ್ದರಿಂದ. ಫ್ಲೆಕ್ಸ್ ಬಂದು ಕೆಲಸ ಹೋಯಿತು ಎಂದು ನಿಮಗೆ ಹೇಳಿದ್ದು ಅರ್ಧ ನಿಜ. ನಿಮಗೆ ಹೇಳಬೇಡ ಎಂದು ಅಣ್ಣ ಕೈಮುಗಿದು ಹೇಳಿದ್ದು ಅದನ್ನೇ. ಜನ ಈಗಲೂ ನನ್ನನ್ನು ಪಟ್ಟಿ ಮೇಷ್ಟ್ರ ತಮ್ಮ ಎನ್ನುತ್ತಾರೆ. ಎಲ್ಲೋ ಒಳಗೆ, ಈ ಹೆಸರಿನಿಂದ ನನಗೂ ಒಂದಿಷ್ಟು ಬರಬೇಕು ಎನ್ನಿಸಿತ್ತೋ ಏನೋ.

ಕಾಲಿಗೆ ಬಿದ್ದು ಕೇಳುತ್ತೇನೆ, ಸರ್ಚ್ ಕಂಪನಿಗೆ ಏನೂ ಬರೆಯಬೇಡಿ. ಅರ್ಜಿಯಲ್ಲಿ ಸುಳ್ಳು ಹೇಳಿದ್ದು ಗೊತ್ತಾದರೆ ಸೈಟನ್ನು ಮತ್ತೆ ಇಳಿಸುತ್ತಾರೆ, ಈ ಸಲ ಎತ್ತುವುದಿಲ್ಲ. ದಿನಕ್ಕೆ ಮುನ್ನೂರು ಜನ ಓದುತ್ತಿದ್ದಾರೆ. ನನ್ನ ಮೇಲಿನ ಸಿಟ್ಟಿಗೆ ಅವರನ್ನು ಬಲಿ ಕೊಡಬೇಡಿ.

ಮೈದುನ


ಜುಲೈ 24

ಮೈದುನನಿಗೆ,

ಔಷಧಿಯ ವಿಷಯ ಗೊತ್ತಿರಲಿಲ್ಲ. ಅಂಗಡಿ ಮಾರಿದ್ದಕ್ಕೆ ನಾನು ಎರಡೂ ಕೈಯೆತ್ತಿ ಮುಗಿಯಬೇಕು. ಮುಗಿಯುತ್ತೇನೆ. ಆದರೆ ಅದೇ ಔಷಧಿಯನ್ನು ಎತ್ತಿ ತೋರಿಸಿ ಅವರನ್ನು ಕಳ್ಳ ಮಾಡಿದೆಯಲ್ಲ. ನೀನು ಮಾಡಿದ ಒಂದೇ ಒಂದು ದೊಡ್ಡ ಕೆಲಸವನ್ನು ನೀನೇ ಸುಳ್ಳಿಗೆ ಊರುಗೋಲು ಮಾಡಿಕೊಂಡೆ.

ನಿನ್ನ ಕಾಗದ ಓದಿ ಹತ್ತು ದಿನ ಏನೂ ಮಾಡಲಿಲ್ಲ. ಮುನ್ನೂರು ಜನ ಎಂಬ ಸಾಲನ್ನೇ ಮತ್ತೆ ಮತ್ತೆ ಓದಿದೆ. ನಿಜ ಹೇಳಿ ಸೈಟು ಹೋದರೆ, ಎಲ್ಲೋ ಒಬ್ಬಳು ತನ್ನ ಅಮ್ಮನನ್ನು ತಿರುಗಿಸುವುದು ಹೇಗೆಂದು ತಿಳಿಯದೆ ಕೂರುತ್ತಾಳೆ. ಸುಮ್ಮನಿದ್ದರೆ, ಅವರು ಕಳ್ಳರಾಗಿಯೇ ಉಳಿಯುತ್ತಾರೆ. ಅವರೇ ಇದ್ದಿದ್ದರೆ ಏನೆನ್ನುತ್ತಿದ್ದರು ಎಂದು ಗೊತ್ತಿತ್ತು, ನನ್ನ ಹೆಸರು ಬಿಡು, ರೋಗಿ ನೋಡು ಎನ್ನುತ್ತಿದ್ದರು. ಅವರ ಮಾತನ್ನು ನಾನು ಕೇಳಲಿಲ್ಲ. ಅವರಿಗೆ ಹೆಸರು ಬೇಡದಿರಬಹುದು, ನನಗೆ ಬೇಕು.

ಹನ್ನೆರಡನೆಯ ತಾರೀಕು ಅಂಗಡಿಯಾಕೆಯ ಹತ್ತಿರ ಕೂತು ಸರ್ಚ್ ಕಂಪನಿಗೆ ಬರೆಸಿದೆ. ಮಾರಿದವರು ನನ್ನ ಗಂಡ ಅಲ್ಲ, ನನ್ನ ಮೈದುನ. ನಾನು ಎರಡು ವರ್ಷ ಪುಟ ತೆರೆದು ನೋಡಲಿಲ್ಲ, ಆ ತಪ್ಪು ನನ್ನದು. ಇದನ್ನೇ ಸೈಟಿನ ಮೊದಲ ಪುಟದ ಮೇಲೂ ಹಾಕಿಸಿದೆ. ಎಣ್ಣೆಯ ಸಾಲಿದ್ದ ಜಾಗದಲ್ಲಿ, ಅದನ್ನು ಹಚ್ಚಿದವರ ಹುಣ್ಣು ಕೊಳೆತು ಜೀವ ಹೋಗಿದೆ, ಹಚ್ಚಿದ್ದರೆ ಇವತ್ತೇ ಆಸ್ಪತ್ರೆಗೆ ಹೋಗಿ ಎಂದು ಬರೆಸಿದೆ. ಅವರ ಹಳೆಯ ಮೇಲ್ ಮೂಲಕ ಸೈಟಿನ ಕೀಲಿಕೈಯನ್ನೂ ಬದಲಿಸಿದ್ದೇನೆ. ಬಾಡಿಗೆ ಇನ್ನು ನಾನು ಕಟ್ಟುತ್ತೇನೆ.

ಆಮೇಲೆ ಕಾದೆ. ಇವತ್ತು ಇಳಿಸುತ್ತಾರೆ, ನಾಳೆ ಇಳಿಸುತ್ತಾರೆ ಎಂದು ದಿನಾ ಕೆಳಗೆ ಹೋಗಿ ಹುಡುಕಿಸುತ್ತಿದ್ದೆ. ಸೈಟು ಎಲ್ಲಿತ್ತೋ ಅಲ್ಲೇ ಇದೆ. ಮೊನ್ನೆಯಂತೂ ಮೂರನೆಯದಾಗಿ ಬಂತು. ಅವರಿಂದ ಉತ್ತರವೂ ಇಲ್ಲ. ಅಂಗಡಿಯಾಕೆಗೆ ಆಶ್ಚರ್ಯವಾಗಿ ಜನವರಿಯ ಆ ನೋಟೀಸನ್ನು ಮತ್ತೆ ತೆಗೆದು ನಿಧಾನವಾಗಿ ಓದಿ ಹೇಳಿದಳು. ಅದರಲ್ಲಿ ಅವರು ಕೇಳಿರುವುದು ಮೂರೇ. ಏನು ತಪ್ಪಾಗಿತ್ತು, ಅದನ್ನು ತೆಗೆದಿರಾ, ಇನ್ನು ಮುಂದೆ ಮಾಡುವುದಿಲ್ಲವೇ. ಮಾಡಿದವರು ಯಾರು ಎಂದು ಅದರಲ್ಲಿ ಎಲ್ಲೂ ಇಲ್ಲ.

ಯಾರು ಎಂದು ಅವರು ಕೇಳಿಯೇ ಇರಲಿಲ್ಲ. ಪ್ರಮಾಣಪತ್ರ ಬೇಕಿರಲಿಲ್ಲ. ನಿಮ್ಮಣ್ಣನ ಹೆಸರು ಬೇಕಿರಲಿಲ್ಲ. ಕೊಂಡಿಗಳನ್ನು ಕಿತ್ತುಹಾಕಿ, ತಪ್ಪಾಯಿತು ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಯಾರು ಎಂದು ಕೇಳಿದವಳು ನಾನೊಬ್ಬಳೇ.

ಇನ್ನು ಕಾಗದ ಬರೆಯಬೇಡ. ನಿನ್ನ ಮಗಳ ಅಂಗಿಗೆ ಅಳತೆ ಬೇಕಾದರೆ ನಿನ್ನ ಹೆಂಡತಿ ಫೋನ್ ಮಾಡಲಿ.


ನವೆಂಬರ್ 9

ಅತ್ತಿಗೆ,

ಬರೆಯಬೇಡ ಎಂದಿರಿ. ಅದಕ್ಕೆ ಮನೆಯ ವಿಳಾಸಕ್ಕೆ ಬರೆಯದೆ ಸೈಟಿನ ಪ್ರಶ್ನೆಯ ಪೆಟ್ಟಿಗೆಗೆ ಹಾಕುತ್ತಿದ್ದೇನೆ. ನನ್ನ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಒಂದು ತಿಂಗಳಿಂದ ನಮ್ಮಲ್ಲೇ ಹಾಸಿಗೆಯಲ್ಲಿದ್ದಾರೆ. ಬೆನ್ನಿನ ಕೆಳಗೆ ಒಂದು ಕಡೆ ಕೆಂಪಗಾಗಿದೆ. ಒತ್ತಿದರೂ ಬಣ್ಣ ಬಿಡುತ್ತಿಲ್ಲ. ಚರ್ಮ ಒಡೆದಿಲ್ಲ. ‘ನಿಮ್ಮಣ್ಣ ಇದ್ದಿದ್ರೆ ಒಂದು ಮಾತು ಕೇಳ್ಬಹುದಿತ್ತು’ ಎಂದು ಇವಳು ಅಳುತ್ತಾಳೆ. ಇವಳಿಗೆ ನಾನು ಏನೂ ಹೇಳಿಲ್ಲ. ಲೇಖನ ಓದಿದೆ. ಓದಿದ್ದನ್ನು ಮಾಡಲು ಕೈ ನಡುಗುತ್ತಿದೆ. ಏನು ಮಾಡಲಿ, ಹೇಳಿ.


ನವೆಂಬರ್ 9

ಮಾನ್ಯರೇ,

ನಿಮ್ಮ ಪ್ರಶ್ನೆ ತಲುಪಿತು. ಒತ್ತಿದರೂ ಕೆಂಪು ಹೋಗುತ್ತಿಲ್ಲ ಎಂದರೆ ಹುಣ್ಣು ಒಳಗೆ ಶುರುವಾಗಿದೆ ಎಂದು ಅರ್ಥ. ಈ ಹಂತದಲ್ಲಿ ಸಾಮಾನ್ಯವಾಗಿ ತಡೆಯಬಹುದು.

ಆ ಜಾಗದ ಮೇಲೆ ಇನ್ನು ಸ್ವಲ್ಪವೂ ಭಾರ ಬೀಳಬಾರದು. ತಿಕ್ಕಬೇಡಿ. ಸೊಂಟದ ಆಪರೇಷನ್ ಆಗಿದ್ದರೆ ಯಾವ ಬದಿಗೆ ತಿರುಗಿಸಬಹುದೆಂದು ಮೊದಲು ಅವರ ಡಾಕ್ಟರನ್ನು ಕೇಳಿ. ಆಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಒಬ್ಬರೇ ಎಳೆಯಬೇಡಿ, ಚರ್ಮ ಉಜ್ಜಿಹೋಗುತ್ತದೆ. ಹಾಸಿನ ಎರಡು ತುದಿಯನ್ನು ಇಬ್ಬರು ಹಿಡಿದು ಒಟ್ಟಿಗೆ ಎತ್ತಿ. ತಿರುಗಿಸಿದ ವೇಳೆಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ನೆನಪನ್ನು ನೆಚ್ಚಿಕೊಳ್ಳಬೇಡಿ. ಚರ್ಮ ಒಡೆದರೆ, ನೀರು ಸುರಿದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೈ ನಡುಗುವುದು ಎಲ್ಲರಿಗೂ ಮೊದಲ ಎರಡು ದಿನ ಇರುತ್ತದೆ. ನಿಮ್ಮ ಹೆಂಡತಿಯವರ ಕೈಗಳ ಎದುರಿಗೆ ನಿಮ್ಮ ಕೈ ಇಟ್ಟು, ಅವರು ‘ಹೂಂ’ ಎಂದಾಗ ಎತ್ತಿ.

ಇನ್ನೂ ಸಂದೇಹಗಳಿದ್ದರೆ ಇದೇ ಪೆಟ್ಟಿಗೆಯಲ್ಲಿ ಬರೆಯಿರಿ. ಬರೆಯುವ ಎಲ್ಲರಿಗೂ ಉತ್ತರ ಕೊಡಲಾಗುತ್ತದೆ.

‘ಮಗ್ಗುಲು’ ಪರವಾಗಿ